ದುಬೈಗೆ ಎಷ್ಟು ದೂರ, ಎಷ್ಟು ಹೊತ್ತು?

(ಉಡುಪಿಯಲ್ಲಿ ಕಾಲೇಜು ವಿದ್ಯಾರ್ಥಿಗಳು ಮತ್ತು ಅವರ ಮನೆಯವರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ದುಬೈ ನಮ್ಮಿಂದ ಎಷ್ಟು ದೂರ ಅಂತ ಕೇಳಿದ ಕೂಡಲೇ ಹಿಂದಿನ ಸಾಲಿನಿಂದ ಉತ್ತರ ಬಂತು: ಮೂರೂವರೆ ಗಂಟೆ. ಪಕ್ಕದವರು ತಿದ್ದಿದರು: ಬರುವಾಗ ಮೂರೇ ಗಂಟೆ ಸಾಕು. ಕಿಲೋಮೀಟರ್ ಎಷ್ಟು ಅಂತ ಯಾರೂ ಹೇಳಲಿಲ್ಲ. ಅದರಲ್ಲಿ ತಪ್ಪೇನೂ ಇಲ್ಲ. ನಮ್ಮ ಕಡೆ ದೂರವನ್ನು ಹೊತ್ತಿನಲ್ಲೇ ಹೇಳುವುದು ರೂಢಿ. ಮಣಿಪಾಲಕ್ಕೆ ಹತ್ತು ನಿಮಿಷ, ಮಂಗಳೂರಿಗೆ ಒಂದೂವರೆ ಗಂಟೆ, ಬೆಂಗಳೂರಿಗೆ ಒಂದು ರಾತ್ರಿ. ಮಗನೋ ಮಗಳೋ ಭಾವನೋ ಸಮುದ್ರದ ಆಚೆ ಇರುವ ಮನೆಗಳಲ್ಲಿ ಬೇಕಾಗಿರುವುದೂ ಇದೇ ಲೆಕ್ಕ. ಮನೆಯಲ್ಲಿ ಏನಾದರೂ ಆದರೆ ಎಷ್ಟು ಹೊತ್ತಿನಲ್ಲಿ ಬಂದು ಮುಟ್ಟುತ್ತಾರೆ? ಇಷ್ಟೇ ಪ್ರಶ್ನೆ.

ಆದರೆ ಈ ಹೊತ್ತಿನ ಲೆಕ್ಕ ಒಂದು ಕಡೆ ನಿಲ್ಲುವುದಿಲ್ಲ. ಎರಡು ಊರುಗಳ ನಡುವಿನ ಕಿಲೋಮೀಟರ್ ಇವತ್ತೂ ಅಷ್ಟೇ, ನೂರು ವರ್ಷದ ಹಿಂದೆಯೂ ಅಷ್ಟೇ. ಗಂಟೆ ಮಾತ್ರ ಹೋಗುವಾಗ ಒಂದು, ಬರುವಾಗ ಇನ್ನೊಂದು. ಜನವರಿಯಲ್ಲಿ ಒಂದು, ಜುಲೈಯಲ್ಲಿ ಇನ್ನೊಂದು. ಟಿಕೆಟಿನಲ್ಲಿ ಕಾಣುವುದು ಮತ್ತೊಂದು. ಇದು ಯಾಕೆ ಹೀಗೆ ಅಂತ ಗೊತ್ತಾದರೆ ಪ್ರಯಾಣದ ಲೆಕ್ಕ ಹಾಕುವುದು ಸುಲಭ. ಅದಕ್ಕಿಂತ ಹೆಚ್ಚಾಗಿ, ಆಕಾಶದಲ್ಲಿ ನಡೆಯುವ ಒಂದು ದೊಡ್ಡ ವ್ಯವಹಾರ ಕಣ್ಣಿಗೆ ಕಟ್ಟುತ್ತದೆ. ನನಗೆ ಆ ವ್ಯವಹಾರವೇ ಇಷ್ಟ. ಅದನ್ನೇ ಇವತ್ತು ಹೇಳಬೇಕು ಅಂತ ಬಂದಿದ್ದೇನೆ.

ಮೊದಲು ಕಿಲೋಮೀಟರ್ ಮುಗಿಸೋಣ.

ಇಲ್ಲಿ ಮೇಜಿನ ಮೇಲೆ ಒಂದು ಗ್ಲೋಬ್ ಇದೆ. ಒಬ್ಬ ವಿದ್ಯಾರ್ಥಿನಿಯನ್ನು ಕರೆದು ಕೈಗೆ ದಾರ ಕೊಟ್ಟೆ. ಒಂದು ತುದಿ ಬೆಂಗಳೂರಿನ ಮೇಲೆ, ಇನ್ನೊಂದು ತುದಿ ಅಮೆರಿಕದ ಪಶ್ಚಿಮ ಕರಾವಳಿಯ ಸ್ಯಾನ್ ಫ್ರಾನ್ಸಿಸ್ಕೋ ಮೇಲೆ ಒತ್ತಿ ಹಿಡಿಯಮ್ಮ ಅಂದೆ. ಆಕೆ ಗೋಡೆಯ ನಕ್ಷೆಯಲ್ಲಿ ನೋಡಿದ ಹಾಗೆಯೇ ಅರಬಿ ಸಮುದ್ರ, ಆಫ್ರಿಕ, ಅಟ್ಲಾಂಟಿಕ್ ದಾಟಿಸಿ ದಾರ ಹಾಯಿಸಿದಳು. ಈಗ ದಾರವನ್ನು ಬಿಗಿ ಮಾಡು ಅಂದೆ. ಎಳೆದ ಕೂಡಲೇ ಅದು ಜಾರಿತು. ಗ್ಲೋಬಿನ ಬೆನ್ನ ಮೇಲೆ ಮೇಲೆ ಮೇಲೆ ಸರಿಯಿತು. ಯುರೋಪ್ ದಾಟಿತು, ಧ್ರುವದ ತಲೆಯನ್ನೂ ದಾಟಿ ಆಚೆಗೆ ಇಳಿಯಿತು. ಕೊನೆಗೆ ಬಿಗಿಯಾಗಿ ನಿಂತದ್ದು ಎಲ್ಲಿ ಗೊತ್ತಾ? ಟಿಬೆಟ್, ಚೀನಾ, ಸೈಬೀರಿಯಾದ ಉತ್ತರ ತೀರ, ಆಮೇಲೆ ಅಲಾಸ್ಕ. ಎದುರಿನ ಸಾಲಿನ ಮಕ್ಕಳು ಎದ್ದು ನಿಂತು ನೋಡಿದರು. ಅಮೆರಿಕಕ್ಕೆ ಹೋಗುವ ಹತ್ತಿರದ ದಾರಿ ಪಶ್ಚಿಮಕ್ಕೂ ಅಲ್ಲ, ಪೂರ್ವಕ್ಕೂ ಅಲ್ಲ. ಹೆಚ್ಚುಕಡಿಮೆ ನೇರ ಉತ್ತರಕ್ಕೆ.

ಗುಂಡಗಿನ ಭೂಮಿಯ ಮೇಲೆ ಬಿಗಿದ ದಾರ ನಿಲ್ಲುವ ಗೆರೆಯೇ ಅತಿ ಹತ್ತಿರದ ದಾರಿ. ಗೋಡೆಯ ನಕ್ಷೆಯಲ್ಲಿ ಅದೇ ಗೆರೆ ಬಿಲ್ಲಿನ ಹಾಗೆ ಬಾಗಿ ಕಾಣುತ್ತದೆ. ಬಾಗಿರುವುದು ದಾರಿಯಲ್ಲ, ಭೂಮಿಯನ್ನು ಹಿಂಜಿ ಚಪ್ಪಟೆ ಮಾಡಿದ ನಕ್ಷೆ. ವಿಮಾನದ ಸೀಟಿನ ಮುಂದಿನ ಪರದೆಯಲ್ಲಿ ದಾರಿ ಸುತ್ತು ಹೊಡೆದ ಹಾಗೆ ಕಂಡರೆ ಗಾಬರಿಯಾಗಬೇಡಿ.

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಈ ದಾರದ ಲೆಕ್ಕದಲ್ಲಿ ಸುಮಾರು 13,990 ಕಿ.ಮೀ. ಮಂಗಳೂರಿನಿಂದ ದುಬೈಗೆ ಸುಮಾರು 2,450. ಮುಂಬೈಗೆ 715ರ ಆಸುಪಾಸು. ಬೆಂಗಳೂರಿಗೆ ಬರೀ 305, ರಸ್ತೆಯಲ್ಲಾದರೆ ಘಾಟಿ ಹತ್ತಿ ಸುಮಾರು 350.

ಇಂಥ ಲೆಕ್ಕವನ್ನು ನೀವೇ ಅಂದಾಜು ಮಾಡಬಹುದು. ಮೀಟರ್ ಅನ್ನುವ ಅಳತೆ ಹುಟ್ಟಿದ್ದೇ ಭೂಮಿಯಿಂದ. ಧ್ರುವದಿಂದ ಭೂಮಧ್ಯ ರೇಖೆಗೆ ಇರುವ ದೂರದ ಒಂದು ಕೋಟಿಯಲ್ಲಿ ಒಂದು ಪಾಲು ಅಂತ ಫ್ರಾನ್ಸಿನವರು ಅದನ್ನು ಗೊತ್ತು ಮಾಡಿದರು. ಹಾಗಾಗಿ ಆ ಕಾಲುಸುತ್ತು 10,000 ಕಿ.ಮೀ., ಅಂದರೆ ಒಂದು ಡಿಗ್ರಿಗೆ ಸುಮಾರು 111 ಕಿ.ಮೀ. ಒಂದು ಡಿಗ್ರಿಯನ್ನು 60 ಪಾಲು ಮಾಡಿದರೆ ಒಂದು ನಾಟಿಕಲ್ ಮೈಲು, 1,852 ಮೀಟರ್. ಮಲ್ಪೆಯ ಬೋಟಿನವರಿಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ. ಅವರ ಜಿಪಿಎಸ್ಸಿನಲ್ಲಿ ಇರುವುದೂ ಅದೇ, ಪೈಲಟ್ ನೋಡುವುದೂ ಅದೇ. ಸಮುದ್ರದವರ ಅಳತೆಯನ್ನು ಆಕಾಶದವರು ಹಾಗೇ ತೆಗೆದುಕೊಂಡರು.

ಇಷ್ಟು ಗೊತ್ತಾದ ಮೇಲೆ ದೂರವನ್ನು ವೇಗದಿಂದ ಭಾಗಿಸಿದರೆ ಹೊತ್ತು ಸಿಗಬೇಕು, ಅಲ್ವಾ? ಜೆಟ್ ವಿಮಾನ ಗಂಟೆಗೆ 850 ಕಿ.ಮೀ. ಹೋಗುತ್ತದೆ ಅಂತ ಇಟ್ಟುಕೊಳ್ಳಿ. ಬೆಂಗಳೂರಿಗೆ 22 ನಿಮಿಷ ಸಾಕು. ಆದರೆ ಟಿಕೆಟಿನಲ್ಲಿ ಒಂದು ಗಂಟೆ ಅಂತ ಇರುತ್ತದೆ.

ಇದಕ್ಕೆ ಕಾರಣ ಸರಳ. ಟಿಕೆಟಿನಲ್ಲಿ ಇರುವುದು ಹಾರುವ ಹೊತ್ತಲ್ಲ. ವಿಮಾನ ನಿಂತ ಜಾಗದಿಂದ ಅಲುಗಿದಾಗಿನಿಂದ ಹಿಡಿದು ಅಲ್ಲಿ ಹೋಗಿ ಪೂರ್ತಿ ನಿಲ್ಲುವ ತನಕದ ಹೊತ್ತು. ರನ್‌ವೇಗೆ ತೆವಳಿಕೊಂಡು ಹೋಗುವುದು, ಸರದಿಗೆ ಕಾಯುವುದು, ಆ ಕಡೆ ಇಳಿದು ಮತ್ತೆ ತೆವಳುವುದು ಎಲ್ಲ ಸೇರಿ. ಬೆಂಗಳೂರಿನಂಥ ದೊಡ್ಡ ನಿಲ್ದಾಣದಲ್ಲಿ ಇದಕ್ಕೇ ಕಾಲು ಗಂಟೆ ಹೋಗಬಹುದು. ಇನ್ನು 35 ಸಾವಿರ ಅಡಿ ಏರಲು ಇಪ್ಪತ್ತು ನಿಮಿಷದ ಮೇಲೆ ಬೇಕು. ಇಳಿಯುವುದನ್ನು ಸುಮಾರು 200 ಕಿ.ಮೀ. ಮೊದಲೇ ಶುರು ಮಾಡಬೇಕು. 305 ಕಿ.ಮೀ. ಹಾದಿಯಲ್ಲಿ ಏರಿದ್ದೇ ತಡ, ಇಳಿಯಬೇಕು. ನೀರಿನ ಬಾಟಲಿ ಕೊಟ್ಟು ಮುಗಿಯುವುದರೊಳಗೆ ಬೆಲ್ಟ್ ಹಾಕಿಕೊಳ್ಳಿ ಅಂತ ಹೇಳುತ್ತಾರೆ.

ಹಾಗಾಗಿ ಸಣ್ಣ ಪ್ರಯಾಣದಲ್ಲಿ ಸರಾಸರಿ ವೇಗ ಕಡಿಮೆ, ದೊಡ್ಡ ಪ್ರಯಾಣದಲ್ಲಿ ಜಾಸ್ತಿ. ಬೆಂಗಳೂರಿಗೆ ಗಂಟೆಗೆ 300 ಕಿ.ಮೀ. ಲೆಕ್ಕ ಬೀಳುತ್ತದೆ. ದುಬೈಗೆ 700 ದಾಟುತ್ತದೆ. ದುಬೈ ಮುಂಬೈಗಿಂತ ಮೂರು ಪಟ್ಟಿಗಿಂತ ಜಾಸ್ತಿ ದೂರ, ಆದರೆ ಹೊತ್ತು ಸುಮಾರು ಎರಡೇ ಪಟ್ಟು. ನಕ್ಷೆ ನೋಡಿ ಹೊತ್ತು ಹೇಳುವವರು ಹೆಚ್ಚಾಗಿ ಎಡವುವುದು ಇಲ್ಲೇ. ಏರಿಳಿಯುವುದಕ್ಕೆ, ನೆಲದ ಮೇಲೆ ಓಡಾಡುವುದಕ್ಕೆ ಅಂತ ಮುಕ್ಕಾಲು ಗಂಟೆ ಪಕ್ಕಕ್ಕಿಟ್ಟು, ಪೂರ್ತಿ ದೂರಕ್ಕೆ 850ರ ಲೆಕ್ಕ ಹಿಡಿಯಿರಿ. ಹೆಚ್ಚುಕಡಿಮೆ ಸರಿ ಬರುತ್ತದೆ.

ಈಗ ಗಾಳಿಯ ವಿಷಯ. ಇದಕ್ಕೇ ನಾನು ಜಾಸ್ತಿ ಸಮಯ ಇಟ್ಟುಕೊಂಡಿದ್ದೇನೆ.

ಒಬ್ಬ ಹುಡುಗ ಎದ್ದು ಕೇಳಿದ: "ಮೇಡಂ, ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತದಲ್ಲ? ಹಾಗಾದರೆ ಪಶ್ಚಿಮಕ್ಕೆ ಹೋಗುವ ವಿಮಾನಕ್ಕೆ ದುಬೈ ತಾನಾಗಿಯೇ ಎದುರು ಬರಬೇಕಲ್ಲ?" ಒಳ್ಳೆಯ ಪ್ರಶ್ನೆ. ಉತ್ತರ ಏನೆಂದರೆ, ಭೂಮಿ ತಿರುಗುವಾಗ ಅದರ ಮೇಲಿನ ಗಾಳಿಯೂ ಜೊತೆಗೇ ತಿರುಗುತ್ತದೆ. ವಿಮಾನವೂ ಅದರೊಳಗೇ ಇದೆ. ಬಜ್ಪೆಯಲ್ಲಿ, ಅಂದರೆ ಮಂಗಳೂರಿನ ವಿಮಾನ ನಿಲ್ದಾಣದಲ್ಲಿ, ನೆಲ ಬಿಟ್ಟ ಕೂಡಲೇ ಭೂಮಿ ವಿಮಾನದ ಅಡಿಯಿಂದ ಜಾರಿ ಹೋಗುವುದಿಲ್ಲ. ಹಾಗೇನಾದರೂ ಆಗುವುದಿದ್ದರೆ ಹೆಲಿಕಾಪ್ಟರ್ ಸುಮ್ನೆ ಮೇಲೆ ನಿಂತರೆ ಸಾಕಿತ್ತು, ಊರುಗಳೇ ಅದರ ಕೆಳಗೆ ಬಂದು ಹೋಗುತ್ತಿದ್ದವು.

ಆದರೆ ಗಾಳಿ ಭೂಮಿಯ ಜೊತೆ ಸರಿಸಮ ತಿರುಗುವುದಿಲ್ಲ. ಹತ್ತು ಹನ್ನೆರಡು ಕಿ.ಮೀ. ಎತ್ತರದಲ್ಲಿ ಗಾಳಿಯ ಹೊಳೆಗಳಿವೆ. ಜೆಟ್ ಸ್ಟ್ರೀಮ್ ಅಂತ ಕರೆಯುವುದು ಅವನ್ನೇ. ಕೆಲವು ಕಡೆ ಗಂಟೆಗೆ 200 ಕಿ.ಮೀ. ದಾಟಿ ಓಡುತ್ತವೆ. ನೇತ್ರಾವತಿಯಲ್ಲಿ ದೋಣಿ ನಡೆಸುವವರನ್ನು ಕೇಳಿ. ಹುಟ್ಟು ಹಾಕುವ ಕೈ ಅದೇ, ದೋಣಿ ಅದೇ, ಆದರೆ ಇಳಿನೀರಿನಲ್ಲಿ ಕ್ಷಣದಲ್ಲಿ ಮುಟ್ಟುವ ಜಾಗಕ್ಕೆ ಎದುರು ನೀರಿನಲ್ಲಿ ಬೆವರು ಸುರಿಸಬೇಕು. ವಿಮಾನದ ಕತೆಯೂ ಅಷ್ಟೇ. ಎಂಜಿನ್ ಕೊಡುವುದು ಗಾಳಿಗೆ ಹೋಲಿಸಿದ ವೇಗ. ನೆಲಕ್ಕೆ ಹೋಲಿಸಿದ ವೇಗವನ್ನು ಗಾಳಿ ಕೂಡಿಸಿ ಕಳೆದು ಕೊಡುತ್ತದೆ.

2020ರ ಫೆಬ್ರವರಿಯಲ್ಲಿ ಕಿಯಾರಾ ಅನ್ನುವ ಬಿರುಗಾಳಿ ಅಟ್ಲಾಂಟಿಕ್ ಮೇಲೆ ಬೀಸಿತು. ನ್ಯೂಯಾರ್ಕಿನಿಂದ ಲಂಡನ್ನಿಗೆ ಹೊರಟ ಬ್ರಿಟಿಷ್ ಏರ್‌ವೇಸ್‌ನ ಒಂದು 747 ವಿಮಾನ 4 ಗಂಟೆ 56 ನಿಮಿಷದಲ್ಲಿ ಇಳಿಯಿತು. ನೆಲದ ಲೆಕ್ಕದಲ್ಲಿ ಅದರ ವೇಗ ಗಂಟೆಗೆ 1,300 ಕಿ.ಮೀ. ದಾಟಿತ್ತು. ಶಬ್ದದ ವೇಗಕ್ಕಿಂತ ಜಾಸ್ತಿ ಅಂತ ಕೆಲವರು ಬರೆದರು. ನಿಜ ಹೇಳಬೇಕೆಂದರೆ ವಿಮಾನ ಶಬ್ದದ ಗಡಿ ದಾಟಲೇ ಇಲ್ಲ, ಸುತ್ತಲಿನ ಗಾಳಿಯೊಳಗೆ ಅದು ಎಂದಿನ ವೇಗದಲ್ಲೇ ಹೋಗುತ್ತಿತ್ತು. ಗಾಳಿಯೇ ಅದನ್ನು ಹೊತ್ತು ತಂದಿತು. ಸ್ವಂತ ಶಕ್ತಿಯಿಂದ ಶಬ್ದಕ್ಕಿಂತ ವೇಗವಾಗಿ ಹಾರುತ್ತಿದ್ದ ಕಾಂಕರ್ಡ್ 1996ರಲ್ಲಿ ಇದೇ ದಾರಿಯನ್ನು ಮೂರು ಗಂಟೆಯೊಳಗೆ ಮುಗಿಸಿತ್ತು. ಈಗ ಅದಿಲ್ಲ.

ನನಗೆ ಇದಕ್ಕಿಂತ ಹಿಡಿಸಿದ ಉದಾಹರಣೆ ನಮ್ಮ ದೇಶದ್ದೇ. ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗುವ ಏರ್ ಇಂಡಿಯಾ ವಿಮಾನ ಮೊದಲು ಯುರೋಪ್, ಅಟ್ಲಾಂಟಿಕ್ ಕಡೆಯಿಂದ ಹೋಗುತ್ತಿತ್ತು. 2016ರ ಅಕ್ಟೋಬರಿನಲ್ಲಿ ಅದನ್ನು ಉಲ್ಟಾ ತಿರುಗಿಸಿದರು. ಪೂರ್ವಕ್ಕೆ, ಪೆಸಿಫಿಕ್ ಸಾಗರದ ಮೇಲಿಂದ ಕಳಿಸಿದರು. ಈ ದಾರಿ ಸುಮಾರು 1,400 ಕಿ.ಮೀ. ಜಾಸ್ತಿ. ಒಟ್ಟು 15 ಸಾವಿರ ಕಿ.ಮೀ. ದಾಟುತ್ತದೆ. ಆದರೂ ಹಳೆಯ ದಾರಿಗಿಂತ ಸುಮಾರು ಎರಡು ಗಂಟೆ ಮೊದಲೇ ಹೋಗಿ ಮುಟ್ಟಿತು. ಯಾಕೆಂದರೆ ಆ ದಾರಿಯುದ್ದಕ್ಕೂ ಗಾಳಿ ಬೆನ್ನ ಹಿಂದೆ. ಮಂಗಳೂರಿನಿಂದ ದೆಹಲಿಗೆ ರೈಲಿನಲ್ಲಿ ಹೋಗುವವರು ಯಾರೂ 1,400 ಕಿ.ಮೀ. ಸುತ್ತು ಹಾಕಿ ಬೇಗ ಮುಟ್ಟುವ ಆಸೆ ಇಟ್ಟುಕೊಳ್ಳುವುದಿಲ್ಲ. ಆಕಾಶದಲ್ಲಿ ಅದು ಸಾಧ್ಯ. ಹತ್ತಿರದ ದಾರಿ ಬೇರೆ, ಬೇಗದ ದಾರಿ ಬೇರೆ. ಈ ಒಂದು ಮಾತು ತಲೆಯಲ್ಲಿ ಉಳಿದರೆ ನಾನು ಬಂದದ್ದು ಸಾರ್ಥಕ.

ನಮ್ಮ ದುಬೈ ದಾರಿಗೆ ಬರೋಣ. ಚಳಿಗಾಲದಲ್ಲಿ ಗಲ್ಫ್ ಮತ್ತು ಉತ್ತರ ಭಾರತದ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಬಲವಾದ ಗಾಳಿ ಓಡುತ್ತದೆ. ಹೋಗುವಾಗ ಅದು ಎದುರು, ಬರುವಾಗ ಬೆನ್ನಿಗೆ. ಅದಕ್ಕೇ ಮೂರೂವರೆ ಮತ್ತು ಮೂರು. ಮಳೆಗಾಲ ಬಂತೆಂದರೆ ಆ ಗಾಳಿ ಹಿಮಾಲಯದ ಆಚೆಗೆ ಸರಿಯುತ್ತದೆ. ಆಗ ನಮ್ಮ ತಲೆಯ ಮೇಲೆ ಇನ್ನೊಂದು ಗಾಳಿ ಹುಟ್ಟುತ್ತದೆ, ಪೂರ್ವದಿಂದ ಪಶ್ಚಿಮಕ್ಕೆ ಓಡುವುದು. ಅದನ್ನು ಮೊದಲು ಗುರುತಿಸಿ ವಿವರಿಸಿದವರಲ್ಲಿ ಮುಖ್ಯರು ನಮ್ಮ ದೇಶದ ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ. ಅದು 1950ರ ದಶಕದ ಮಾತು. ಜುಲೈಯಲ್ಲಿ ಮಲ್ಪೆ ಕಡಲ ದಂಡೆಯಲ್ಲಿ ನಿಂತರೆ ಗಾಳಿ ಸಮುದ್ರದಿಂದ ಮುಖಕ್ಕೆ ರಾಚುತ್ತದೆ. ಅದೇ ಹೊತ್ತಿನಲ್ಲಿ, ಅದೇ ಮೋಡಗಳ ಮೇಲೆ, ಗಾಳಿ ತಿರುಗಿ ಸಮುದ್ರದ ಕಡೆಗೇ ಓಡುತ್ತಿರುತ್ತದೆ. ಗಲ್ಫಿಗೆ ಹೊರಟ ವಿಮಾನಕ್ಕೆ ಆ ದಿನಗಳಲ್ಲಿ ಸ್ವಲ್ಪ ದೂರ ಬೆನ್ನಿಗೆ ಗಾಳಿ ಸಿಗುತ್ತದೆ.

ಹಾಗಾದರೆ ಹೋಗುವಾಗ ಕಳೆದದ್ದು ಬರುವಾಗ ಸಿಕ್ಕಿತಲ್ಲ, ಒಟ್ಟು ಸರಿಹೋಯಿತಲ್ಲ ಅಂತ ಅನಿಸಬಹುದು. ಹಾಗಾಗುವುದಿಲ್ಲ. ಕಾಗದ ತೆಗೆದು ಲೆಕ್ಕ ಮಾಡಿ ನೋಡಿ. 2,450 ಕಿ.ಮೀ. ದೂರ, 850 ವೇಗ, ಗಾಳಿ ಇಲ್ಲ: ಹೋಗಲು 2 ಗಂಟೆ 53 ನಿಮಿಷ, ಬರಲೂ ಅಷ್ಟೇ, ಒಟ್ಟು 5 ಗಂಟೆ 46 ನಿಮಿಷ. ಈಗ 100 ಕಿ.ಮೀ. ಗಾಳಿ ಸೇರಿಸಿ. ಹೋಗುವಾಗ 750ರ ವೇಗ, 3 ಗಂಟೆ 16 ನಿಮಿಷ. ಬರುವಾಗ 950, 2 ಗಂಟೆ 35 ನಿಮಿಷ. ಕೂಡಿಸಿದರೆ 5 ಗಂಟೆ 51 ನಿಮಿಷ. ಐದು ನಿಮಿಷ ನಷ್ಟ. ಎದುರು ಗಾಳಿಯಲ್ಲಿ ಜಾಸ್ತಿ ಹೊತ್ತು ಕಳೆಯುತ್ತೇವೆ, ಬೆನ್ನ ಗಾಳಿಯಲ್ಲಿ ಕಡಿಮೆ ಹೊತ್ತು. ಅದಕ್ಕೇ ಎರಡೂ ಸಮ ಆಗುವುದಿಲ್ಲ. ಒಂಬತ್ತನೇ ತರಗತಿಯ ಗಣಿತ ಸಾಕು ಇದಕ್ಕೆ.

ಗಾಳಿ ನೋಡಿ ಹೊತ್ತು ಹೇಳುವುದು ಈ ಕರಾವಳಿಗೆ ಹೊಸತಲ್ಲ. ನಕ್ಷೆಯಲ್ಲಿ ಯೆಮೆನ್ ದೇಶದ ಏಡನ್ ಬಂದರನ್ನು ಹುಡುಕಿ. ಮಂಗಳೂರಿನಿಂದ ಅಡ್ಡಲಾಗಿ ಪಶ್ಚಿಮಕ್ಕೆ ಬೆರಳು ಎಳೆದರೆ ಸೀದಾ ಏಡನ್ನಿಗೇ ಹೋಗಿ ನಿಲ್ಲುತ್ತದೆ. ಎರಡೂ 13 ಡಿಗ್ರಿಗೆ ಸ್ವಲ್ಪ ಕೆಳಗೆ, ಒಂದೇ ಅಕ್ಷಾಂಶದಲ್ಲಿವೆ. ನಡುವೆ ಸುಮಾರು 3,230 ಕಿ.ಮೀ. ನೀರು. 12ನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಅನ್ನುವ ಯಹೂದಿ ವ್ಯಾಪಾರಿ ಟ್ಯುನೀಶಿಯಾದಿಂದ ಏಡನ್ ಮೂಲಕ ಬಂದು ಮಂಗಳೂರಿನಲ್ಲಿ ಹದಿನೇಳು ವರ್ಷದ ಹತ್ತಿರ ನೆಲೆಸಿದ್ದ. ಕರಿಮೆಣಸು, ಅಡಿಕೆ ಕಳಿಸುತ್ತಿದ್ದ. ಇಲ್ಲಿನವಳನ್ನೇ ಮದುವೆಯಾದ. ಏಡನ್ನಿನ ಪಾಲುದಾರರು ಅವನಿಗೆ ಬರೆದ ಪತ್ರಗಳು ಕೈರೋದ ಒಂದು ಯಹೂದಿ ಮಂದಿರದ ಕಾಗದದ ರಾಶಿಯಲ್ಲಿ ಉಳಿದುಕೊಂಡವು. ಅದರಿಂದಲೇ ನಮಗೆ ಇದು ಗೊತ್ತು.

ಆ ಕಾಲದಲ್ಲಿ ಏಡನ್ ಎಷ್ಟು ದೂರ ಅಂತ ಕೇಳಿದರೆ ಉತ್ತರ ತಿಂಗಳಿನಲ್ಲಿ ಬರುತ್ತಿತ್ತು. ನೈಋತ್ಯದ ಗಾಳಿ ಇಳಿಮುಖವಾಗುವ ಹೊತ್ತಿಗೆ ಅಲ್ಲಿಂದ ಹಾಯಿ ಬಿಚ್ಚಿದರೆ ಕೆಲವೇ ವಾರಗಳಲ್ಲಿ ಇಲ್ಲಿ. ಕೆಂಪು ಸಮುದ್ರದ ಬಾಯಿಯಿಂದ ಮಲಬಾರಿಗೆ 40 ದಿನ ಅಂತ 1ನೇ ಶತಮಾನದಲ್ಲೇ ರೋಮಿನ ಪ್ಲಿನಿ ಬರೆದಿಟ್ಟಿದ್ದಾನೆ. ಹಿಂದೆ ಹೋಗಬೇಕಾದರೆ? ಈಶಾನ್ಯದ ಗಾಳಿ ಹುಟ್ಟುವ ತನಕ ಕಾಯಬೇಕು. ನೀರಿನಲ್ಲಿ ಇರುವ ದಿನಕ್ಕಿಂತ ದಂಡೆಯಲ್ಲಿ ಕಾಯುವ ದಿನವೇ ಜಾಸ್ತಿ. ಇವತ್ತೂ ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಸಾಮಾನು ಒಯ್ಯುವ ಮಂಜಿ ದೋಣಿಗಳು ಮಳೆಗಾಲದಲ್ಲಿ ಕಟ್ಟಿ ನಿಲ್ಲುತ್ತವೆ.

ಕಾಯುವ ಹೊತ್ತನ್ನೂ ದೂರದ ಲೆಕ್ಕಕ್ಕೆ ಸೇರಿಸಬೇಕು ಅನ್ನುವುದನ್ನು ನಮ್ಮ ಹಿಂದಿನ ತಲೆಮಾರು ಚೆನ್ನಾಗಿ ಬಲ್ಲದು. ಬಜ್ಪೆಯಲ್ಲಿ ಮೊದಲ ವಿಮಾನ ಇಳಿದದ್ದು 1951ರ ಡಿಸೆಂಬರ್ 25ರಂದು. ಡಕೋಟಾ ವಿಮಾನ, ಬಂದವರು ಪ್ರಧಾನಿ ನೆಹರೂ. ಆದರೆ ಇಲ್ಲಿಂದ ನೇರ ದುಬೈಗೆ ವಿಮಾನ ಶುರುವಾದದ್ದು 2006ರಲ್ಲಿ. ನಡುವಿನ ಅಷ್ಟೂ ವರ್ಷ ಗಲ್ಫಿಗೆ ಹೋಗುವ ನಮ್ಮ ಹುಡುಗರಲ್ಲಿ ಹೆಚ್ಚಿನವರು ಮೊದಲು ಮುಂಬೈಗೆ ಹೋಗಬೇಕಿತ್ತು. ಕೊಂಕಣ ರೈಲು ಪೂರ್ತಿಯಾಗಿ ಓಡಿದ್ದು 1998ರಲ್ಲಿ. ಅದಕ್ಕೂ ಮೊದಲು ಬಸ್ಸೇ ಗತಿ. ಒಂದು ಹಗಲು, ಒಂದು ರಾತ್ರಿ ಘಟ್ಟ ಹತ್ತಿ ಇಳಿದು ಮುಂಬೈ, ಅಲ್ಲಿ ನೆಂಟರ ಮನೆಯಲ್ಲೋ ಊರಿನವರ ಖೋಲಿಯಲ್ಲೋ ಮಲಗಿ ಆಮೇಲೆ ವಿಮಾನ. ಎರಡು ಮೂರು ದಿನದ ದುಬೈ ಅರ್ಧ ದಿನದ ದುಬೈ ಆಯಿತು. ಸಮುದ್ರ ಒಂದು ಇಂಚೂ ಕಿರಿದಾಗಿರಲಿಲ್ಲ.

ಇನ್ನು ಗಡಿಗಳು. ಬಿಗಿದ ದಾರ ಎಲ್ಲಿ ಬೇಕಾದರೂ ಹಾಯಬಹುದು, ವಿಮಾನ ಹಾಗಲ್ಲ. ಕೆಳಗಿನ ದೇಶದ ಒಪ್ಪಿಗೆ ಬೇಕು. 2022ರಲ್ಲಿ ರಷ್ಯಾದ ಆಕಾಶ ಯುರೋಪಿನ ವಿಮಾನಗಳಿಗೆ ಮುಚ್ಚಿದ ಮೇಲೆ ಫಿನ್‌ಲ್ಯಾಂಡಿನ ಹೆಲ್ಸಿಂಕಿಯಿಂದ ಟೋಕಿಯೋಗೆ ಒಂಬತ್ತು ಹತ್ತು ಗಂಟೆಯ ದಾರಿ ಹದಿಮೂರು ಗಂಟೆ ಆಯಿತು. 2019ರಲ್ಲಿ ಕೆಲವು ತಿಂಗಳು, ಮತ್ತೆ 2025ರ ಏಪ್ರಿಲ್‌ನಿಂದ, ಪಾಕಿಸ್ತಾನದ ಆಕಾಶ ಮುಚ್ಚಿದಾಗ ದೆಹಲಿಯಿಂದ ಪಶ್ಚಿಮಕ್ಕೆ ಹೋಗುವ ನಮ್ಮ ವಿಮಾನಗಳು ದಕ್ಷಿಣಕ್ಕೆ ಸುತ್ತು ಹಾಕಬೇಕಾಯಿತು. ನಮ್ಮ ದುಬೈ ದಾರಿಗೆ ಮಾತ್ರ ಇದರ ಬಿಸಿ ಅಷ್ಟಾಗಿ ತಟ್ಟುವುದಿಲ್ಲ. ಬಜ್ಪೆಯಿಂದ ಎದ್ದ ವಿಮಾನ ವಾಯವ್ಯಕ್ಕೆ ಮುಖ ಮಾಡಿ ಅರಬಿ ಸಮುದ್ರ ಹಿಡಿದರೆ ಮುಂದೆ ಕಾಣುವ ನೆಲ ಒಮಾನಿನದ್ದು.

ಪರ್ವತಗಳೂ ಗಡಿಯ ಹಾಗೆಯೇ. ಆಗ ದಾರ ಟಿಬೆಟ್ ಮೇಲೆ ನಿಂತಿತ್ತಲ್ಲ, ವಿಮಾನಗಳು ಅಲ್ಲಿ ಹೆಚ್ಚು ಹೊತ್ತು ಹಾರುವುದನ್ನು ತಪ್ಪಿಸುತ್ತವೆ. ಒಳಗಿನ ಗಾಳಿಯ ಒತ್ತಡ ಬಿದ್ದುಹೋದರೆ ಉಸಿರಾಟಕ್ಕಾಗಿ ಕೂಡಲೇ 10 ಸಾವಿರ ಅಡಿಗೆ ಇಳಿಯಬೇಕು. ಅಲ್ಲಿ ನೆಲವೇ ಅದಕ್ಕಿಂತ ಎತ್ತರದಲ್ಲಿದೆ.

2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಏರ್ ಇಂಡಿಯಾದ ಮೊದಲ ನೇರ ವಿಮಾನ ಬಂತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ಮುಂದಾಳತ್ವ, ಪೈಲಟ್‌ಗಳೆಲ್ಲರೂ ಹೆಂಗಸರು, ದಾರಿ ಉತ್ತರ ಧ್ರುವದ ಮೇಲಿಂದ. ದಾರದ ಲೆಕ್ಕ 13,990 ಕಿ.ಮೀ. ಇದ್ದರೂ ವಿಮಾನ ಕ್ರಮಿಸಿದ್ದು ಸುಮಾರು 16 ಸಾವಿರ. ಹೆಚ್ಚುವರಿ ಎರಡು ಸಾವಿರ ಕಿ.ಮೀ. ಅನ್ನು ಗಾಳಿ, ಬೆಟ್ಟ, ಗಡಿ ಎಲ್ಲ ಸೇರಿ ಹುಟ್ಟಿಸಿದ್ದು. ಧ್ರುವದ ಮೇಲೆ ಇನ್ನೊಂದು ಚಿಂತೆಯೂ ಇದೆ. ವಿಮಾನದ ಇಂಧನ ಮೈನಸ್ 40 ಡಿಗ್ರಿ, ಇನ್ನೊಂದು ಬಗೆಯದ್ದಾದರೆ ಮೈನಸ್ 47 ಡಿಗ್ರಿಯ ಹತ್ತಿರ ಹೆಪ್ಪುಗಟ್ಟಲು ಶುರುವಾಗುತ್ತದೆ. ಹೊರಗಿನ ಗಾಳಿ ಅದಕ್ಕಿಂತಲೂ ತಣ್ಣಗಿರುತ್ತದೆ. ಇಂಧನದ ಬಿಸಿ ಎಷ್ಟಿದೆ ಅಂತ ಪೈಲಟ್ ನೋಡುತ್ತಲೇ ಇರಬೇಕು.

ಆ ವಿಮಾನ ಹೊರಟದ್ದು ಅಲ್ಲಿನ ಜನವರಿ 9ರ ಶನಿವಾರ ರಾತ್ರಿ. ಬೆಂಗಳೂರಿಗೆ ಇಳಿದದ್ದು 11ರ ಸೋಮವಾರ ಬೆಳಗಿನ ಜಾವ. ಹಾರಿದ್ದು ಹದಿನೇಳು ಗಂಟೆಯ ಹತ್ತಿರ, ಆದರೆ ಕ್ಯಾಲೆಂಡರಿನಲ್ಲಿ ಒಂದು ಪೂರ್ತಿ ಭಾನುವಾರ ಕಾಣೆ. ಅದೇ ಬೆಂಗಳೂರಿನಿಂದ ಮಧ್ಯಾಹ್ನ 2ಕ್ಕೆ ಹೊರಟು 16 ಗಂಟೆ ಹಾರಿದರೆ, ಚಳಿಗಾಲದಲ್ಲಿ ಅಲ್ಲಿ ಇಳಿಯುವಾಗ ಅದೇ ದಿನದ ಸಂಜೆ ನಾಲ್ಕೂವರೆ. ಎರಡು ಊರಿನ ಗಡಿಯಾರಕ್ಕೆ ಹದಿಮೂರೂವರೆ ಗಂಟೆಯ ಅಂತರ.

ಟಿಕೆಟಿನ ಮೇಲೆ ಇರುವುದು ಆಯಾ ಊರಿನ ಗಡಿಯಾರದ ಹೊತ್ತು. ಹಾಗಾಗಿ ಒಂದು ಕಡೆಯ ಟಿಕೆಟನ್ನು ಸುಮ್ನೆ ಕಳೆದು ನೋಡಿದರೆ ಹಾರಾಟದ ಹೊತ್ತು ಸಿಗುವುದಿಲ್ಲ. ಮಂಗಳೂರಿನಿಂದ ಬೆಳಿಗ್ಗೆ 9ಕ್ಕೆ ಹೊರಟರೆ ದುಬೈಗೆ ಅಲ್ಲಿನ 11ಕ್ಕೆ. ಎರಡೇ ಗಂಟೆ ಅಂತ ಕಾಣುತ್ತದೆ. ಅಲ್ಲಿಂದ ಮಧ್ಯಾಹ್ನ 12ಕ್ಕೆ ಹೊರಟರೆ ಇಲ್ಲಿ ಸಂಜೆ ನಾಲ್ಕೂವರೆ. ನಾಲ್ಕೂವರೆ ಗಂಟೆ ಅಂತ ಕಾಣುತ್ತದೆ. ಎರಡನ್ನೂ ಕೂಡಿಸಿ: ಆರೂವರೆ. ಒಂದು ಕಡೆ ಕಳೆದ ಒಂದೂವರೆ ಗಂಟೆ ಇನ್ನೊಂದು ಕಡೆ ಕೂಡಿಬಿಡುತ್ತದೆ, ಹಾಗಾಗಿ ಈ ಆರೂವರೆ ಹೋಗಿ ಬರುವ ನಿಜವಾದ ಹೊತ್ತು. ಯಾವ ಎರಡು ಊರಿಗೂ ಈ ಉಪಾಯ ನಡೆಯುತ್ತದೆ. ಗಡಿಯಾರದ ಅಂತರ ಎಷ್ಟೆಂದು ಗೊತ್ತಿರಬೇಕಾಗಿಯೂ ಇಲ್ಲ.

ಗಡಿಯಾರ ಸೂರ್ಯನನ್ನು ಪೂರ್ತಿ ಹಿಂಬಾಲಿಸುವುದೂ ಇಲ್ಲ. ಭಾರತದ ಸಮಯ 82.5 ಡಿಗ್ರಿ ರೇಖಾಂಶದ್ದು, ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ ಹಾಯುತ್ತದೆ. ನಾವು 75ರ ಹತ್ತಿರ ಇದ್ದೇವೆ. ನಮ್ಮ ನಡು ಮಧ್ಯಾಹ್ನ ಬರುವುದು ಸುಮಾರು ಹನ್ನೆರಡೂವರೆಗೆ. ದುಬೈಗೂ ನಮಗೂ ಸೂರ್ಯನ ಲೆಕ್ಕದಲ್ಲಿ ಅಂತರ 78 ನಿಮಿಷ, ಗಡಿಯಾರದಲ್ಲಿ 90.

ಮನೆಯಿಂದ ಮನೆಗೆ ಲೆಕ್ಕ ಹಾಕುವುದು ಬಾಕಿ ಇದೆ. ಉಡುಪಿಯಿಂದ ಮುಲ್ಕಿ, ಕಿನ್ನಿಗೋಳಿ, ಕಟೀಲು ಮೇಲೆ ಬಜ್ಪೆಗೆ ಒಂದೂವರೆ ಗಂಟೆ ಇಟ್ಟುಕೊಳ್ಳಿ. ವಿದೇಶಕ್ಕಾದರೆ ಮೂರು ಗಂಟೆ ಮೊದಲು ಇರಬೇಕು. ಹಾರಾಟ ಮೂರೂವರೆ. ಇಳಿದ ಮೇಲೆ ಇಮಿಗ್ರೇಷನ್, ಬ್ಯಾಗು, ಟ್ಯಾಕ್ಸಿ. ಒಂಬತ್ತೂವರೆ ಹತ್ತು ಗಂಟೆ. ಬೆಂಗಳೂರಿಗೆ ಇದೇ ಲೆಕ್ಕ ಹಾಕಿದರೆ ಒಂದು ಗಂಟೆಯ ವಿಮಾನ ಆರು ಗಂಟೆ ನುಂಗುತ್ತದೆ. ರಾತ್ರಿ ಬಸ್ಸಿನಲ್ಲಿ ಮಲಗಿ ಹೋಗುವವರು ದಡ್ಡರಲ್ಲ.

ಕೊನೆಯಲ್ಲಿ ಇಬ್ಬರು ಪ್ರಶ್ನೆ ಕೇಳಿದರು. ಮಂಗಳೂರಿನಿಂದಲೇ ಅಮೆರಿಕಕ್ಕೆ ನೇರ ವಿಮಾನ ಯಾಕಿಲ್ಲ ಅಂತ ಒಬ್ಬರು. ಪ್ರಯಾಣಿಕರ ಸಂಖ್ಯೆ ಒಂದು ಕಡೆ ಇರಲಿ, ಮೊದಲ ತಡೆ ನೆಲದಲ್ಲೇ ಇದೆ. ನಮ್ಮ ರನ್‌ವೇ ಉದ್ದ 2,450 ಮೀಟರ್, ಅದೂ ಗುಡ್ಡದ ತಲೆಯ ಮೇಲೆ. ಬೆಂಗಳೂರಿನದ್ದು 4,000 ಮೀಟರ್. ಧ್ರುವ ದಾಟಿ ಬಂದಂಥ ಬೋಯಿಂಗ್ 777 ಪೂರ್ತಿ ಹೊರೆಯಲ್ಲಿ ಸುಮಾರು 347 ಟನ್ ತೂಗುತ್ತದೆ. ಅದರಲ್ಲಿ ಐದರಲ್ಲಿ ಎರಡು ಪಾಲು ಬರೀ ಇಂಧನ ಇರಬಹುದು. ದೂರ ಹೋಗಬೇಕಾದರೆ ಇಂಧನ ಜಾಸ್ತಿ ಬೇಕು, ಇಂಧನ ಜಾಸ್ತಿಯಾದರೆ ತೂಕ ಜಾಸ್ತಿ, ತೂಕ ಜಾಸ್ತಿಯಾದರೆ ಓಡಲು ಉದ್ದ ಜಾಗ ಬೇಕು. ನಮ್ಮ ಸೆಕೆಯಲ್ಲಿ ಗಾಳಿ ತೆಳುವಾಗುವುದರಿಂದ ಇನ್ನೂ ಸ್ವಲ್ಪ ಉದ್ದ ಬೇಕು. ನಮ್ಮ ರನ್‌ವೇಗೆ 737, ಎ320ರಂಥ ಸಣ್ಣ ವಿಮಾನಗಳು ಸರಿ. ಅವುಗಳಿಗೆ ಗಲ್ಫ್ ಆರಾಮದ ದೂರ.

ಇನ್ನೊಬ್ಬರು, ವಯಸ್ಸಾದ ಅಮ್ಮ, ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಒಬ್ಬರೇ ಹೊರಟವರು. ಎಷ್ಟು ಹೊತ್ತು ಆಗುತ್ತದೆ ಅಂತ ಕೇಳಿದರು. ಅವರಿಗೆ ಹೇಳಿದ್ದು ಇಷ್ಟು. ಅಮ್ಮಾ, ಎರಡೂ ವಿಮಾನ ಒಂದೇ ಟಿಕೆಟಿನಲ್ಲಿ ಇರುವ ಹಾಗೆ ಮಗಳಿಗೆ ಹೇಳಿ ಮಾಡಿಸಿ. ಆಗ ನಡುವಿನ ಊರಿನಲ್ಲಿ ಸಾಮಾನ್ಯವಾಗಿ ಬ್ಯಾಗು ತೆಗೆದು ಮತ್ತೆ ಕೊಡುವ ಕೆಲಸ ಇರುವುದಿಲ್ಲ, ಮೊದಲನೆಯದು ತಡವಾದರೆ ಮುಂದಿನದಕ್ಕೆ ಹತ್ತಿಸುವ ಹೊಣೆಯೂ ವಿಮಾನ ಕಂಪನಿಯದ್ದೇ. ನಡುವೆ ಮೂರು ಗಂಟೆಯಾದರೂ ಬಿಡುವು ಇರಲಿ. ವೀಲ್‌ಚೇರ್ ಬೇಕಿದ್ದರೆ ಟಿಕೆಟ್ ಮಾಡುವಾಗಲೇ ಬರೆಸಿ. ಬಿಪಿ, ಶುಗರಿನ ಮಾತ್ರೆ ಯಾವಾಗ ತೆಗೆದುಕೊಳ್ಳಬೇಕು ಅಂತ ಹೊರಡುವ ಮೊದಲೇ ಡಾಕ್ಟರ ಹತ್ತಿರ ಕೇಳಿ, ಮಾತ್ರೆಗಳನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ. ಅಲ್ಲಿ ಮುಟ್ಟುವ ತನಕ ಕೈಗಡಿಯಾರ ತಿರುಗಿಸಬೇಡಿ, ಊರಿನ ಹೊತ್ತಿಗೇ ಇರಲಿ. ಪ್ರತಿ ವಿಮಾನದಲ್ಲಿ ಎಷ್ಟು ಗಂಟೆ ಕೂರಬೇಕು ಅಂತ ಒಂದು ಚೀಟಿಯಲ್ಲಿ ಕನ್ನಡದಲ್ಲಿ ಬರೆದುಕೊಡಲು ಮಗಳಿಗೆ ಹೇಳಿ.